ಒಂದೇ ಎಂಜಿನ್, ಮೂರು ಕಾರು: ಫಿಯೆಟ್ 1.3 ಮಲ್ಟಿಜೆಟ್ ಜೊತೆ ಆರು ವರ್ಷ

ನಮ್ಮ ಮನೆಯವರ ಹತ್ತಿರ ಮೂರು ಡೀಸೆಲ್ ಕಾರುಗಳಿವೆ. ನನ್ನದು 2012ರ ಫಿಯೆಟ್ ಲಿನಿಯಾ. ಭಾವನದು 2013ರ ಮಾರುತಿ ಸ್ವಿಫ್ಟ್. ಚಿಕ್ಕಪ್ಪನದು ಟಾಟಾ ಇಂಡಿಗೊ ಮ್ಯಾಂಜಾ. ಮೂರು ಕಂಪನಿ, ಮೂರು ಲೋಗೊ, ಮೂರು ಥರದ ಸೀಟು. ಬಾನೆಟ್ ಎತ್ತಿದರೆ ಒಳಗೆ ಕೂತಿರುವುದು ಮಾತ್ರ ಒಂದೇ, 1248 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್, ಫಿಯೆಟ್‌ನ 1.3 ಮಲ್ಟಿಜೆಟ್. ಮಾರುತಿಯವರು ಅದನ್ನು ಡಿಡಿಐಎಸ್ ಅಂದರು, ಟಾಟಾದವರು ಕ್ವಾಡ್ರಾಜೆಟ್ ಅಂದರು. ಹೆಸರು ಬೇರೆಯಾದರೂ ಹೊಟ್ಟೆಯೊಳಗಿನ ಪಿಸ್ಟನ್ ಒಂದೇ.

ಹಬ್ಬಕ್ಕೆ ಎಲ್ಲರೂ ಊರಿಗೆ ಬಂದಾಗ ಮೂರೂ ಅಂಗಳದಲ್ಲಿ ನಿಲ್ಲುತ್ತವೆ, ಮೂರನ್ನೂ ಓಡಿಸುತ್ತೇನೆ. ಹಾಗಾಗಿ ಒಂದು ಕಾರಿನ ಬದಲು ಈ ಎಂಜಿನ್ ಬಗ್ಗೆಯೇ ಬರೆಯೋಣ ಅನ್ನಿಸಿತು. ಸೆಕೆಂಡ್ ಹ್ಯಾಂಡ್ ಡೀಸೆಲ್ ಹುಡುಕುತ್ತಿರುವವರು ಇನ್ನೂ ಬಹಳ ಜನ ಇದ್ದಾರೆ. ಅವರಿಗೆ ಮಾರುವವರು ಹೇಳುವುದೆಲ್ಲ ಕಂಪನಿಯ ಹೆಸರು ಮತ್ತು ಮೈಲೇಜು ಮಾತ್ರ. ಎಂಜಿನ್ ಯಾರದು, ಇನ್ನೂ ಯಾವ್ಯಾವ ಕಾರಿನಲ್ಲಿ ಇತ್ತು ಅನ್ನೋದನ್ನ ಯಾರೂ ಹೇಳುವುದಿಲ್ಲ. ನನ್ನ ಪ್ರಕಾರ ಹಳೇ ಕಾರು ತಗೊಳ್ಳುವಾಗ ಕೇಳಬೇಕಾದ ಮೊದಲ ಪ್ರಶ್ನೆಯೇ ಅದು.

ನಾನು ಲಿನಿಯಾ ತಗೊಂಡಿದ್ದು 2019ರಲ್ಲಿ. ಅದೇ ವರ್ಷ ಫಿಯೆಟ್ ಹೆಸರಿನ ಕಾರುಗಳ ಮಾರಾಟ ನಮ್ಮ ದೇಶದಲ್ಲಿ ಮುಗಿದುಹೋಯಿತು. ಕಂಪನಿ ಅಂಗಡಿ ಮುಚ್ಚುವ ಹೊತ್ತಿಗೆ ಅದರ ಕಾರು ತಗೊಳ್ಳೋದಾ ಅಂತ ಮನೆಯಲ್ಲಿ ದೊಡ್ಡ ಚರ್ಚೆ ಆಯಿತು. ಅಪ್ಪ ಎರಡು ದಿನ ಮಾತೇ ಬಿಟ್ಟರು. ನಾನು ಹೆದರದೆ ತಗೊಂಡಿದ್ದಕ್ಕೆ ಒಂದೇ ಕಾರಣ, ನಮ್ಮ ಶಿವಮೊಗ್ಗದ ಮೆಕ್ಯಾನಿಕ್ ಭಾಯ್. ಕಾರು ತೋರಿಸೋಕೆ ಹೋದಾಗ ಬಾನೆಟ್ ಎತ್ತಿ ಅರ್ಧ ನಿಮಿಷ ನೋಡಿದರು. "ಸಾರ್, ಇದಕ್ಕೆ ಯಾಕೆ ಯೋಚನೆ ಮಾಡ್ತೀರ? ದಿನಾ ಇದೇ ಎಂಜಿನ್ ಬಿಚ್ತೀನಿ. ಈಗ ಒಳಗೆ ನಿಂತಿರೋ ಡಿಜೈರ್‌ದೂ ಇದೇ" ಅಂದರು. ಅಷ್ಟು ಸಾಕಾಯಿತು.

ಈ ಎಂಜಿನ್ ಹುಟ್ಟಿದ ಕತೆ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಇಷ್ಟೊಂದು ಕಂಪನಿಗಳ ಕೈಗೆ ಹೇಗೆ ಹೋಯಿತು ಅಂತ ಅರ್ಥ ಆಗುವುದಿಲ್ಲ. 2000ದಲ್ಲಿ ಅಮೆರಿಕದ ಜನರಲ್ ಮೋಟಾರ್ಸ್, ಅಂದರೆ ಜಿಎಂ, ಫಿಯೆಟ್‌ನ ಕಾರು ವಿಭಾಗದಲ್ಲಿ ಶೇ. 20 ಪಾಲು ತಗೊಂಡಿತು. ಎಂಜಿನ್ ಮತ್ತು ಗೇರ್‌ಬಾಕ್ಸ್ ಮಾಡಲು ಇಬ್ಬರೂ ಸೇರಿ ಒಂದು ಜಂಟಿ ಕಂಪನಿ ಮಾಡಿಕೊಂಡರು. ಆ ಕಾಲದಲ್ಲೇ 2003ರಲ್ಲಿ ಈ ಪುಟ್ಟ ಡೀಸೆಲ್ ಹೊರಗೆ ಬಂತು. ಪೋಲೆಂಡಿನ ಬಿಯೆಲ್ಸ್ಕೊ-ಬಿಯಾವಾ ಊರಿನ ಕಾರ್ಖಾನೆಯಲ್ಲಿ ತಯಾರಾಗುತ್ತಿತ್ತು. 2005ರಲ್ಲಿ ಅಂತರರಾಷ್ಟ್ರೀಯ ವರ್ಷದ ಎಂಜಿನ್ ಪ್ರಶಸ್ತಿ, 1 ಲೀಟರ್‌ನಿಂದ 1.4 ಲೀಟರ್ ವಿಭಾಗದಲ್ಲಿ ಇದಕ್ಕೇ ಸಿಕ್ಕಿತು. ಅದೇ ವರ್ಷ ಫಿಯೆಟ್ ಮತ್ತು ಜಿಎಂ ದೂರವಾದವು. ಒಪ್ಪಂದದಿಂದ ಬಿಡಿಸಿಕೊಳ್ಳಲು ಜಿಎಂ ಫಿಯೆಟ್‌ಗೆ 155 ಕೋಟಿ ಯೂರೊ ಕೊಟ್ಟಿತು. ಸಂಸಾರ ಮುರಿದರೂ ಎಂಜಿನ್ ಇಬ್ಬರ ಹತ್ತಿರವೂ ಉಳಿಯಿತು. ಹಾಗಾಗಿ ಯೂರೋಪಿನಲ್ಲಿ ಆಗ ಜಿಎಂ ಕೈಯಲ್ಲಿದ್ದ ಓಪೆಲ್ ಕಂಪನಿಯ ಕೋರ್ಸಾದಲ್ಲೂ ಇದೇ ಎಂಜಿನ್ ಇತ್ತು. ಅಲ್ಲಿನ ಎರಡನೇ ತಲೆಮಾರಿನ ಫೋರ್ಡ್ ಕಾ ಕೂಡ ಫಿಯೆಟ್ 500ರ ತಳಹದಿಯ ಮೇಲೆ ಕಟ್ಟಿದ ಕಾರು, ಅದರ ಡೀಸೆಲ್ಲೂ ಇದೇ.

ಇನ್ನು ಮಾರುತಿಗೆ ಬಂದ ದಾರಿ. ಆ ದಿನಗಳಲ್ಲಿ ಸುಜುಕಿಯಲ್ಲೂ ಜಿಎಂ ಪಾಲು ಇತ್ತು, ಎಲ್ಲರೂ ಒಂದೇ ಬಳಗ. ಸುಜುಕಿಗೆ ಪುಟ್ಟ ಪೆಟ್ರೋಲ್ ಎಂಜಿನ್ ಮಾಡುವುದರಲ್ಲಿ ಕೈ ಪಳಗಿತ್ತು, ಕಾಮನ್ ರೇಲ್ ಅನ್ನುವ ಹೊಸ ಪದ್ಧತಿಯ ಡೀಸೆಲ್ ಎಂಜಿನ್ ಇರಲಿಲ್ಲ. ಫಿಯೆಟ್‌ನಿಂದ ಲೈಸೆನ್ಸ್ ತಗೊಂಡು ಹರಿಯಾಣದ ಮಾನೇಸರ್‌ನಲ್ಲಿ ಕಾರ್ಖಾನೆ ಹಾಕಿ ಇಲ್ಲೇ ಮಾಡಲು ಶುರು ಮಾಡಿದರು. 2007ರ ಆರಂಭದಲ್ಲಿ ಸ್ವಿಫ್ಟ್ ಡೀಸೆಲ್ ಬಂತು. ಆಮೇಲೆ ನಡೆದದ್ದು ನಿಮಗೇ ಗೊತ್ತು. ಡಿಜೈರ್, ರಿಟ್ಜ್, ಎಸ್‌ಎಕ್ಸ್4, ಎರ್ಟಿಗಾ, ಸಿಯಾಜ್, ಎಸ್-ಕ್ರಾಸ್, ಬಲೆನೊ, ಇಗ್ನಿಸ್, ವಿಟಾರಾ ಬ್ರೆಝಾ, ಎಲ್ಲದರಲ್ಲೂ ಈ ಡೀಸೆಲ್ ಬಂತು. ಬ್ರೆಝಾ 2016ರಲ್ಲಿ ಬಂದಾಗ ಅದಕ್ಕೆ ಪೆಟ್ರೋಲ್ ಆಯ್ಕೆಯೇ ಇರಲಿಲ್ಲ, ಈ ಎಂಜಿನ್ ಒಂದೇ.

ಟಾಟಾ ಮತ್ತು ಫಿಯೆಟ್ ಪುಣೆ ಹತ್ತಿರದ ರಂಜನ್‌ಗಾಂವ್‌ನಲ್ಲಿ ಸಮ ಪಾಲಿನ ಜಂಟಿ ಕಾರ್ಖಾನೆ ಮಾಡಿದವು. ಅಲ್ಲಿಂದ 2008ರಲ್ಲಿ ಇಂಡಿಕಾ ವಿಸ್ಟಾಗೆ, 2009ರಲ್ಲಿ ಮ್ಯಾಂಜಾಗೆ, ಮುಂದೆ ಜೆಸ್ಟ್ ಮತ್ತು ಬೋಲ್ಟ್‌ಗೆ ಹೋಯಿತು. ಫಿಯೆಟ್‌ನದ್ದೇ ಪುಂಟೊ, ಲಿನಿಯಾ ಅಂತೂ ಇದ್ದೇ ಇದ್ದವು. ಜಿಎಂನವರ ಷೆವರ್ಲೆ ಸೇಲ್ ಅನ್ನುವ ಕಾರಿನಲ್ಲಿ ಇದೇ ಎಂಜಿನ್ ಇತ್ತು. ಷೆವರ್ಲೆ ಬೀಟ್ ಡೀಸೆಲ್‌ಗೆ ಇದೇ ಎಂಜಿನ್‌ನಿಂದ ಒಂದು ಸಿಲಿಂಡರ್ ತೆಗೆದಂತೆ ಮೂರು ಸಿಲಿಂಡರಿನ 936 ಸಿಸಿ ಎಂಜಿನ್ ಮಾಡಿದರು. ಪ್ರೀಮಿಯರ್ ರಿಯೊದಲ್ಲೂ ಹಾಕಿದರು. ಎಲ್ಲಕ್ಕಿಂತ ನನಗೆ ಮಜಾ ಅನ್ನಿಸುವ ಸಂಗತಿ 2012ರದ್ದು. ಡೀಸೆಲ್ ಕಾರಿಗೆ ಆಗ ಎಷ್ಟು ನೂಕುನುಗ್ಗಲು ಅಂದರೆ ಮಾನೇಸರ್‌ನಲ್ಲಿ ಮಾಡಿದ್ದು ಸಾಲದೆ ಮಾರುತಿಯವರು ವರ್ಷಕ್ಕೆ ಒಂದು ಲಕ್ಷ ಎಂಜಿನ್ ಕೊಡಿ ಅಂತ ಫಿಯೆಟ್ ಜೊತೆಯೇ ಒಪ್ಪಂದ ಮಾಡಿಕೊಂಡರು. ಅಂದರೆ ಆ ಕಾಲದ ಕೆಲವು ಮಾರುತಿ ಕಾರುಗಳಲ್ಲಿ ಎಂಜಿನ್ ಹುಟ್ಟಿದ್ದೂ ಫಿಯೆಟ್ ಕಾರ್ಖಾನೆಯಲ್ಲೇ. ಒಂದು ಕಡೆ ಪುಂಟೊ, ಲಿನಿಯಾ ಕೊಳ್ಳುವವರು ಕಡಿಮೆ. ಇನ್ನೊಂದು ಕಡೆ ಅದೇ ಎಂಜಿನ್ನಿರುವ ಸ್ವಿಫ್ಟ್‌ಗೆ ತಿಂಗಳುಗಟ್ಟಲೆ ಕಾಯುವವರು. ಇದನ್ನು ನೆನೆಸಿಕೊಂಡರೆ ನನಗೆ ಈಗಲೂ ಬೇಜಾರಾಗುತ್ತದೆ. ಜನ ಎಂಜಿನ್ ನೋಡಿ ಕಾರು ತಗೊಳ್ಳಲಿಲ್ಲ, ಊರೂರಿನಲ್ಲಿರುವ ಸರ್ವಿಸ್ ಸೆಂಟರ್ ನೋಡಿ ತಗೊಂಡರು. ಅದು ತಪ್ಪು ಅನ್ನೋಕೂ ಆಗಲ್ಲ.

ಸರಿ, ಓಡಿಸೋಕೆ ಹೇಗಿದೆ? ಮೂರೂ ಒಂದೇ ಎಂಜಿನ್ ಅಂದೆ, ಆದರೆ ಮೂರೂ ಒಂದೇ ಥರ ಓಡುವುದಿಲ್ಲ. ಎಂಜಿನ್ ಒಂದೇ ಅನ್ನುವ ಮಾತು ಎಲ್ಲಿವರೆಗೆ ನಿಜ ಅನ್ನೋದು ಇಲ್ಲೇ ಗೊತ್ತಾಗುವುದು.

ಇದರಲ್ಲಿ ಮುಖ್ಯವಾಗಿ ಎರಡು ಬಗೆ. ಪಿಎಸ್ ಅಂದರೆ ಎಂಜಿನ್ ಶಕ್ತಿಯ ಅಳತೆ, ಎನ್‌ಎಂ ಅಂದರೆ ಟಾರ್ಕ್, ಅಂದರೆ ಎಳೆತದ ಅಳತೆ. ಸ್ವಿಫ್ಟ್, ಡಿಜೈರ್, ರಿಟ್ಜ್, ವಿಸ್ಟಾ ಇವಕ್ಕೆ ಬಂದಿದ್ದು 75 ಪಿಎಸ್‌ನದು, 190 ಎನ್‌ಎಂ ಟಾರ್ಕ್. ಅದರ ಟರ್ಬೊ, ಅಂದರೆ ಹೊಗೆಯ ರಭಸಕ್ಕೆ ತಿರುಗಿ ಎಂಜಿನ್‌ಗೆ ಜಾಸ್ತಿ ಗಾಳಿ ನೂಕುವ ಸಲಕರಣೆ, ಸಾದಾ. ಮ್ಯಾಂಜಾ, ಎರ್ಟಿಗಾ, ಸಿಯಾಜ್, ಬ್ರೆಝಾ ಇವಕ್ಕೆ 90 ಪಿಎಸ್, 200 ಎನ್‌ಎಂ. ನನ್ನ ಲಿನಿಯಾದ್ದು 93 ಪಿಎಸ್, 209 ಎನ್‌ಎಂ. ಈ ದೊಡ್ಡ ಶಕ್ತಿಯ ಬಗೆಯಲ್ಲಿ ಟರ್ಬೊ ಒಳಗೆ ಪುಟ್ಟ ರೆಕ್ಕೆಗಳಿರುತ್ತವೆ. ಎಂಜಿನ್‌ನಿಂದ ಹೊಗೆ ಎಷ್ಟು ಬರುತ್ತಿದೆ ನೋಡಿಕೊಂಡು ಅವು ತೆರೆದುಕೊಳ್ಳುತ್ತವೆ, ಮುಚ್ಚಿಕೊಳ್ಳುತ್ತವೆ. ಇದನ್ನೇ ವಿಜಿಟಿ ಅನ್ನುವುದು.

ಕಾಗದದ ಮೇಲೆ 93 ದೊಡ್ಡದು, 75 ಸಣ್ಣದು. ಆದರೆ ಸ್ವಿಫ್ಟ್‌ಗಿಂತ ಲಿನಿಯಾ ನೂರು ಕೆಜಿಗೂ ಜಾಸ್ತಿ ಭಾರ. ಹಾಗಾಗಿ ಶಿವಮೊಗ್ಗ ಪೇಟೆಯೊಳಗೆ ಸಿಗ್ನಲ್‌ನಿಂದ ಸಿಗ್ನಲ್‌ಗೆ ಹೋಗುವಾಗ ಭಾವನ ಸ್ವಿಫ್ಟೇ ಚುರುಕು. ತುಮಕೂರು ದಾಟಿ ಹೆದ್ದಾರಿ ಹಿಡಿದು 80ರ ಮೇಲೆ ಹೋದಾಗ ಲಿನಿಯಾ ನೆಲಕ್ಕೆ ಅಂಟಿಕೊಂಡಂತೆ ಹೋಗುತ್ತದೆ, ಲಾರಿ ಹಿಂದೆ ಹಾಕಲು ಗೇರ್ ಇಳಿಸುವುದೇ ಬೇಡ, ಕಾಲು ಸ್ವಲ್ಪ ಒತ್ತಿದರೆ ಸಾಕು, ಸ್ಟೀರಿಂಗ್ ಹೈಡ್ರಾಲಿಕ್ ಆದ್ದರಿಂದ ರಸ್ತೆ ಹೇಗಿದೆ ಅನ್ನೋದು ಅಂಗೈಗೆ ಗೊತ್ತಾಗುತ್ತಿರುತ್ತದೆ. ಸ್ವಿಫ್ಟ್‌ನದು ಎಲೆಕ್ಟ್ರಿಕ್ ಸ್ಟೀರಿಂಗ್, ಪೇಟೆಯಲ್ಲಿ ಹಗುರ, ಪಾರ್ಕಿಂಗ್‌ಗೆ ಸುಖ. ಮ್ಯಾಂಜಾ ಓಡಿಸುವುದಕ್ಕಿಂತ ಹಿಂದೆ ಕೂರಲು ಚೆಂದ. ಚಿಕ್ಕಮ್ಮ ಕಾಲು ಚಾಚಿಕೊಂಡು ನಿದ್ದೆ ಮಾಡುತ್ತಾರೆ.

ಮೂರಕ್ಕೂ ಇರುವ ಒಂದು ಗುಣ ಗೊತ್ತಾಗಬೇಕಾದರೆ ಆಗುಂಬೆ ಘಾಟಿ ಹತ್ತಬೇಕು. ಸೋಮೇಶ್ವರದಿಂದ ಮೇಲೆ ಬರುವಾಗ ಒಂದರ ಮೇಲೊಂದು ಹೇರ್‌ಪಿನ್ ತಿರುವು. ತಿರುವಿನಲ್ಲಿ ಎದುರಿಗೆ ಬಸ್ ಬಂತು, ಕಾರು ನಿಧಾನ ಮಾಡಿದಿರಿ, ಎರಡನೇ ಗೇರ್‌ನಲ್ಲಿ ಆರ್‌ಪಿಎಂ, ಅಂದರೆ ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು, 1500ಕ್ಕೆ ಇಳಿಯಿತು. ಈಗ ಎಷ್ಟೇ ತುಳಿದರೂ ಕಾರು ಯೋಚನೆ ಮಾಡುತ್ತಾ ನಿಲ್ಲುತ್ತದೆ. 2000 ದಾಟಿದ ಕೂಡಲೇ ಯಾರೋ ಹಿಂದಿನಿಂದ ನೂಕಿದ ಹಾಗೆ ಹಾರುತ್ತದೆ. ಇದನ್ನೇ ಟರ್ಬೊ ಲ್ಯಾಗ್ ಅನ್ನುವುದು. 1.3 ಲೀಟರ್ ಅಂದರೆ ಸಣ್ಣ ಎಂಜಿನ್. ಅದರ ಬಲವೆಲ್ಲ ಟರ್ಬೊದಿಂದ ಬರಬೇಕು, ಟರ್ಬೊ ತಿರುಗಲು ಸಾಕಷ್ಟು ಹೊಗೆ ಬೇಕು, ಹೊಗೆ ಬರಲು ಎಂಜಿನ್ ತಿರುಗಬೇಕು. ಪೂರ್ತಿ ಜನ, ಲಗೇಜು, ಏಸಿ ಇದ್ದರೆ ಸುಮ್ನೆ ಮೊದಲನೇ ಗೇರ್ ಹಾಕಿ, ನಾಚಿಕೆ ಬೇಡ. ಮಾರುತಿ, ಟಾಟಾ, ಫಿಯೆಟ್ ಯಾವುದೇ ಇರಲಿ, ಈ ಅಭ್ಯಾಸ ಆಗಲೇಬೇಕು. ಎಂಜಿನ್ ಹಂಚಿಕೊಂಡರೆ ಅದರ ಸ್ವಭಾವವೂ ಜೊತೆಗೇ ಬರುತ್ತದೆ.

ಮಲ್ಟಿಜೆಟ್ ಅನ್ನುವ ಹೆಸರು ಯಾಕೆ ಅಂತ ಬಹಳ ಜನ ಕೇಳುತ್ತಾರೆ. ಹಳೇ ಡೀಸೆಲ್‌ಗಳು ಒಂದು ಸುತ್ತಿಗೆ ಒಂದೇ ಸಲ ಡೀಸೆಲ್ ಚಿಮ್ಮಿಸುತ್ತಿದ್ದವು. ಒಮ್ಮೆಲೇ ಹೊತ್ತಿಕೊಂಡು ಢಬ್ ಅನ್ನುತ್ತಿತ್ತು, ಆ ಹಳೇ ಜೀಪಿನ ಕಟಕಟ ಸದ್ದು ಅದೇ. ಇದರಲ್ಲಿ ಡೀಸೆಲ್ ಸಾವಿರ ಬಾರ್‌ಗೂ ಜಾಸ್ತಿ ಒತ್ತಡದಲ್ಲಿ ಒಂದು ಕೊಳವೆಯಲ್ಲಿ ಕಾದಿರುತ್ತದೆ, ಆ ಕೊಳವೆಯೇ ಕಾಮನ್ ರೇಲ್. ಕಂಪ್ಯೂಟರ್ ಹೇಳಿದಾಗ ಇಂಜೆಕ್ಟರ್ ತೆರೆದು ಸ್ವಲ್ಪ ಸ್ವಲ್ಪವೇ, ಐದು ಸಲದವರೆಗೂ ಚಿಮ್ಮಿಸುತ್ತದೆ. ಮೊದಲು ಒಂದು ಹನಿ ಹೊತ್ತಿಸಿ ಬಿಸಿ ಮಾಡಿಕೊಂಡು ಆಮೇಲೆ ಉಳಿದದ್ದು. ಅದಕ್ಕೇ ಸದ್ದು ಕಡಿಮೆ, ಹೊಗೆ ಕಡಿಮೆ, ಮೈಲೇಜು ಜಾಸ್ತಿ. ಕಾಮನ್ ರೇಲ್ ಡೀಸೆಲ್ಲನ್ನು ಕಾರಿಗೆ ತಂದಿದ್ದರಲ್ಲೂ ಫಿಯೆಟ್ ಬಳಗದ್ದು ದೊಡ್ಡ ಪಾಲು. ಅವರು ಶುರು ಮಾಡಿದ ಕೆಲಸವನ್ನು ಬಾಷ್ ಕೊಂಡು ಮುಂದುವರಿಸಿತು, 1997ರಲ್ಲಿ ಆಲ್ಫಾ ರೋಮಿಯೊ 156ರಲ್ಲಿ ಅದು ರಸ್ತೆಗೆ ಬಂತು. ಇವತ್ತು ಯಾವ ಡೀಸೆಲ್ ಕಾರಿನ ಬಾನೆಟ್ ಎತ್ತಿದರೂ ಈ ಪದ್ಧತಿಯೇ ಇರುವುದು. ಹಂಚಿಕೆ ಅಂದರೆ ಬರೀ ಎಂಜಿನ್ ಅಲ್ಲ, ಇಂಜೆಕ್ಟರ್, ಟರ್ಬೊ, ಆಲ್ಟರ್ನೇಟರ್ ಇವನ್ನೆಲ್ಲ ಮಾಡುವ ಕಂಪನಿಗಳೇ ಬೇರೆ, ಅವರು ಎಲ್ಲರಿಗೂ ಮಾರುತ್ತಾರೆ.

ಮೈಲೇಜು ನಮ್ಮ ಲೆಕ್ಕದಲ್ಲಿ ಹೀಗಿದೆ. ಭಾವನ ಸ್ವಿಫ್ಟ್ ಹೆದ್ದಾರಿಯಲ್ಲಿ ಲೀಟರ್‌ಗೆ 21-22. ನನ್ನ ಲಿನಿಯಾ 17-18, ಪೇಟೆಯಲ್ಲಿ 14. ಮ್ಯಾಂಜಾ ಎರಡರ ನಡುವೆ. ಇದೇ ಎಂಜಿನ್‌ಗೆ ಸಣ್ಣ ಹೈಬ್ರಿಡ್ ಸೇರಿಸಿ ಮಾರುತಿ ಸಿಯಾಜ್‌ಗೆ ಪರೀಕ್ಷೆಯಲ್ಲಿ 28.09 ಬರುವಂತೆ ಮಾಡಿತ್ತು. ರಸ್ತೆಯಲ್ಲಿ ಅಷ್ಟು ಬರುವುದಿಲ್ಲ, ಆದರೂ ಒಂದೇ ಎಂಜಿನ್‌ನಿಂದ ಎಷ್ಟು ಹಿಂಡಬಹುದು ಅಂತ ಗೊತ್ತಾಗುತ್ತದೆ.

ಈಗ ಬಿಡಿಭಾಗಗಳ ವಿಷಯ. ಇದನ್ನು ಬರೆಯಬೇಕು ಅನ್ನಿಸಿದ್ದೇ ಇದಕ್ಕೆ.

ಕಾರು ತಗೊಂಡು ಎರಡು ವರ್ಷಕ್ಕೆ ಒಂದು ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಬಲಗಡೆಯಿಂದ ಡಬ್ಬಿಯೊಳಗೆ ಬಳೆ ಅಲ್ಲಾಡಿಸಿದಂತೆ ಸದ್ದು. ಮೂರು ಸೆಕೆಂಡ್, ಆಮೇಲೆ ನಿಂತಿತು. ಮರುದಿನ ಐದು ಸೆಕೆಂಡ್. ಹೋಗಿದ್ದು ಪೇಟೆಯ ಒಂದು ಗ್ಯಾರೇಜಿಗೆ, ಭಾಯ್ ಊರಲ್ಲಿ ಇರಲಿಲ್ಲ. ಅಲ್ಲಿನವರು ಸದ್ದು ಕೇಳಿ, "ಫಿಯೆಟ್ ಅಲ್ವಾ ಸಾರ್, ಕಂಪನಿಯೇ ಇಲ್ಲ. ಟೈಮಿಂಗ್ ಚೈನ್ ಹೊರದೇಶದಿಂದ ತರಿಸಬೇಕು, ಎರಡು ತಿಂಗಳಾಗುತ್ತೆ" ಅಂದರು. ಪಿಸ್ಟನ್ ಮತ್ತು ವಾಲ್ವ್‌ಗಳನ್ನು ಒಂದೇ ತಾಳಕ್ಕೆ ಓಡಿಸುವ ಚೈನ್ ಅದು. ಹೇಳಿದ ಮೊತ್ತ ಕೇಳಿ ಅಲ್ಲೇ ಕೂತುಬಿಟ್ಟೆ. ಕಾರು ಮಾರಿಬಿಡೋಣ ಅಂತ ಒಂದು ರಾತ್ರಿ ಯೋಚನೆ ಕೂಡ ಮಾಡಿದೆ.

ಭಾಯ್ ಬಂದ ಮೇಲೆ ಕೇಳಿ ನಗಲಿಲ್ಲ, ಕೋಪ ಮಾಡಿಕೊಂಡರು. "ಹೊರದೇಶ ಯಾಕೆ ಸಾರ್? ಎದುರುಗಡೆ ಮಾರುತಿ ಪಾರ್ಟ್ಸ್ ಅಂಗಡಿ ಇದೆ." ಹಳೇ ಚೈನ್ ಬಿಚ್ಚಿ, ಹೊಸದನ್ನು ಪಕ್ಕದಲ್ಲಿಟ್ಟು, ಕೊಂಡಿ ಎಣಿಸಿ, ಹಲ್ಲಿನ ಚಕ್ರ, ಟೆನ್ಷನರ್ ಎಲ್ಲ ತಾಳೆ ನೋಡಿ ಹಾಕಿದರು. ಎರಡು ದಿನದಲ್ಲಿ ಕಾರು ಮನೆಗೆ ಬಂತು. ಆ ಗ್ಯಾರೇಜ್ ಹೇಳಿದ ಮೊತ್ತದ ಮೂರನೇ ಒಂದು ಭಾಗವೂ ಆಗಲಿಲ್ಲ. ಆವತ್ತಿನಿಂದ ಇವತ್ತಿನವರೆಗೆ ಆ ಸದ್ದು ಮತ್ತೆ ಬಂದಿಲ್ಲ.

ಚೈನ್ ಯಾಕೆ ಸಡಿಲವಾಯಿತು ಅಂತಲೂ ಅವರೇ ತೋರಿಸಿದರು. ಈ ಎಂಜಿನ್‌ಗೆ ಬೆಲ್ಟ್ ಇಲ್ಲ, ಚೈನ್. ಬೆಲ್ಟ್ ಥರ ಇಷ್ಟು ಕಿಲೋಮೀಟರ್‌ಗೆ ಬದಲಾಯಿಸಿ ಅನ್ನುವ ರಗಳೆ ಇಲ್ಲ. ಆದರೆ ಆ ಚೈನನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್ ಕೆಲಸ ಮಾಡುವುದೇ ಎಂಜಿನ್ ಆಯಿಲ್ ಒತ್ತಡದಿಂದ. ಇದಕ್ಕೆ ಹಿಡಿಯುವ ಆಯಿಲ್ಲೇ ಸುಮಾರು ಮೂರು ಲೀಟರ್, ಬಹಳ ಕಡಿಮೆ. ಅರ್ಧ ಲೀಟರ್ ಕಡಿಮೆಯಾದರೂ, ಹಳೇ ಆಯಿಲ್ ಮಸಿಯಾಗಿ ಗಟ್ಟಿಯಾದರೂ ಮೊದಲು ಪೆಟ್ಟು ಬೀಳುವುದು ಚೈನ್‌ಗೆ. ನನ್ನ ಕಾರಿನ ಮೊದಲಿನ ಮಾಲೀಕರು ಆಯಿಲ್ ವಿಷಯದಲ್ಲಿ ಅಷ್ಟಕ್ಕಷ್ಟೇ ಇದ್ದರು ಅಂತ ಒಳಗಿನ ಕೆಸರು ನೋಡಿದಾಗಲೇ ಗೊತ್ತಾಯಿತು. ಸದ್ದನ್ನು ಕೇಳಿಯೂ ಓಡಿಸಿದರೆ ಚೈನ್ ಹಲ್ಲು ಜಾರುತ್ತದೆ, ವಾಲ್ವ್‌ಗಳು ಪಿಸ್ಟನ್‌ಗೆ ಬಡಿಯುತ್ತವೆ. ಅಲ್ಲಿಗೆ ಎಂಜಿನ್ ಕೆಲಸ, ದೊಡ್ಡ ಖರ್ಚು. ನಾನು ಈಗ 10,000 ಕಿಲೋಮೀಟರ್ ಆಗಲಿ, ವರ್ಷ ಆಗಲಿ, ಯಾವುದು ಮೊದಲೋ ಆಗ ಆಯಿಲ್ ಬದಲಾಯಿಸುತ್ತೇನೆ. ತಿಂಗಳಿಗೊಮ್ಮೆ ಡಿಪ್ ಸ್ಟಿಕ್ ನೋಡುತ್ತೇನೆ. ಇದು ಮೂರೂ ಕಾರಿಗೆ ಒಂದೇ ಮಾತು.

ಹಾಗಂತ ಸ್ವಿಫ್ಟ್ ಭಾಗವೆಲ್ಲ ಕಣ್ಣುಮುಚ್ಚಿ ತಂದು ಹಾಕಬಹುದು ಅಂದುಕೊಳ್ಳಬೇಡಿ. ಇಲ್ಲಿ ನಾನೇ ಒಂದು ಸಲ ಕೈ ಸುಟ್ಟುಕೊಂಡೆ. ಬೆಂಗಳೂರಿನಲ್ಲಿ ಒಂದು ಅಂಗಡಿಯವರು "ಎಲ್ಲಾ ಒಂದೇ ಎಂಜಿನ್ನು, ತಗೊಂಡು ಹೋಗಿ" ಅಂತ ಟರ್ಬೊ ಪೈಪ್ ಒಂದನ್ನು ಕೊಟ್ಟರು. ಊರಿಗೆ ತಂದು ನೋಡಿದರೆ ಬಾಗು ಇನ್ನೊಂದು ಕಡೆಗೆ. ವಾಪಸ್ ತಗೊಳ್ಳಲಿಲ್ಲ. ಆಮೇಲೆ ಭಾಯ್ ಹತ್ತಿರ ಕೂತು ಯಾವುದು ಹೊಂದುತ್ತದೆ, ಯಾವುದು ಇಲ್ಲ ಅಂತ ಕೇಳಿ ತಿಳಿದುಕೊಂಡೆ. ಎಂಜಿನ್‌ನ ಒಳಗಿನದು ಹೆಚ್ಚಾಗಿ ಹೊಂದುತ್ತದೆ. ಚೈನ್, ಪಿಸ್ಟನ್ ರಿಂಗ್, ವಾಲ್ವ್, ಬೇರಿಂಗ್, ಗ್ಲೋ ಪ್ಲಗ್ ಇಂಥವು. ಎಂಜಿನ್ ಕಾರಿಗೆ ಅಂಟಿಕೊಳ್ಳುವ ಜಾಗದಲ್ಲೆಲ್ಲ ವ್ಯತ್ಯಾಸ ಶುರುವಾಗುತ್ತದೆ. ಮೌಂಟಿಂಗ್ ಬೇರೆ, ಏರ್ ಫಿಲ್ಟರ್ ಡಬ್ಬಿ ಬೇರೆ, ಪೈಪುಗಳು ಬೇರೆ, ವೈರಿಂಗ್ ಬೇರೆ, ಗೇರ್‌ಬಾಕ್ಸ್ ಬೇರೆ, ಕಂಪ್ಯೂಟರ್‌ನ ಪ್ರೋಗ್ರಾಂ ಬೇರೆ. 75ರ ಟರ್ಬೊ 90ಕ್ಕೆ ಆಗುವುದಿಲ್ಲ. ಬಿಎಸ್ ಅಂದರೆ ಗಾಡಿಯ ಹೊಗೆಗೆ ಸರ್ಕಾರ ಇಟ್ಟ ಮಿತಿ, ಬಿಎಸ್3 ಕಾಲದ ಎಂಜಿನ್‌ಗೂ ಬಿಎಸ್4 ಕಾಲದ್ದಕ್ಕೂ ಕೆಲವು ಭಾಗ ಬದಲಾಗಿವೆ. ಹಾಗಾಗಿ ಹಳೇ ಭಾಗ ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗಿ, ಮೇಲೆ ಕೊರೆದಿರುವ ಪಾರ್ಟ್ ನಂಬರ್ ಹೊಂದಿಸಿ ನೋಡಿ. ಫೋಟೊ ಸಾಲದು.

ಡೂಪ್ಲಿಕೇಟ್ ಕಾಟ ಇನ್ನೊಂದು. ತುಂಬಾ ಓಡುವ ಎಂಜಿನ್ ಆದ್ದರಿಂದಲೇ ಇದರ ಹೆಸರಿನಲ್ಲಿ ನಕಲಿ ಫಿಲ್ಟರ್‌ಗಳು ಜಾಸ್ತಿ. ಪೇಪರ್ ತೆಳು, ರಬ್ಬರ್ ರಿಂಗ್ ಸಡಿಲ. ನೂರಿನ್ನೂರು ರೂಪಾಯಿ ಉಳಿಸಲು ಹೋಗಿ ಟರ್ಬೊ ಕಳೆದುಕೊಳ್ಳುವ ಹುಚ್ಚು ಬೇಡ. ಡೀಸೆಲ್ ಫಿಲ್ಟರ್ ಅಂತೂ ಒಳ್ಳೆಯದೇ ಹಾಕಿ. ಅಷ್ಟು ಒತ್ತಡದಲ್ಲಿ ಕೆಲಸ ಮಾಡುವ ಇಂಜೆಕ್ಟರ್‌ಗೆ ನೀರಿನ ಒಂದು ಹನಿ, ಧೂಳಿನ ಒಂದು ಕಣ ಸಾಕು.

ಎಂಜಿನ್ ಹೊರತು ಉಳಿದ ಕಾರಿನ ಕತೆ ಬೇರೆ. ಯಾವುದೇ ಕಂಪನಿಯಾಗಲಿ, ಮಾಡೆಲ್ ನಿಂತುಹೋದ ಮೇಲೆ ಆ ಕಾರಿಗೆ ಮಾತ್ರ ಇದ್ದ ಭಾಗಗಳು ನಿಧಾನಕ್ಕೆ ಮಾಯವಾಗುತ್ತವೆ. ಹೆಡ್‌ಲೈಟ್, ಬಂಪರ್, ಕನ್ನಡಿ, ಬಾಗಿಲ ಹಿಡಿ, ಗಾಜು. ಹೋದ ವರ್ಷ ತೀರ್ಥಹಳ್ಳಿ ರಸ್ತೆಯಲ್ಲಿ ಮುಂದಿನ ಟಿಪ್ಪರ್‌ನಿಂದ ಹಾರಿದ ಕಲ್ಲಿಗೆ ನನ್ನ ಎಡಗಡೆ ಹೆಡ್‌ಲೈಟ್ ಒಡೆಯಿತು. ಹೊಸದು ಹುಡುಕುತ್ತಾ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳನ್ನು ಅರ್ಧ ದಿನ ಸುತ್ತಿದೆ. ಕೊನೆಗೆ ಸಿಕ್ಕಿದ್ದು ಗುಜರಿಗೆ ಬಂದಿದ್ದ ಇನ್ನೊಂದು ಲಿನಿಯಾದಿಂದ ಬಿಚ್ಚಿದ್ದು. ಬೇರೆ ಲಿನಿಯಾ ಇಟ್ಟುಕೊಂಡವರು ಒಬ್ಬರಿಗೊಬ್ಬರು ಹೇಳಿಕೊಂಡು ಸಹಾಯ ಮಾಡುತ್ತಾರೆ, ಆ ಅಂಗಡಿ ಗೊತ್ತಾಗಿದ್ದೂ ಹಾಗೆಯೇ. ಚೈನ್ ಎರಡು ದಿನದಲ್ಲಿ, ಹೆಡ್‌ಲೈಟ್ ಐದು ವಾರದಲ್ಲಿ. ಕಾರನ್ನು ಓಡಿಸುವ ಭಾಗ ಎಲ್ಲೆಲ್ಲೂ ಸಿಗುತ್ತದೆ, ಕಾರಿನ ಮುಖ ಸಿಗುವುದಿಲ್ಲ.

ಈ ಹಂಚಿಕೆ ನಮ್ಮ ದೇಶಕ್ಕೆ ಹೊಸದೇನಲ್ಲ. ಪ್ರೀಮಿಯರ್ 118ಎನ್‌ಇ ನೆನಪಿದೆಯಾ? ಮೈ ಫಿಯೆಟ್ 124ರದ್ದು, ಎಂಜಿನ್ ನಿಸ್ಸಾನ್‌ನದ್ದು. ಹಿಂದೂಸ್ತಾನ್ ಮೋಟಾರ್ಸ್‌ನವರು ಕಾಂಟೆಸ್ಸಾಗೂ ಅಂಬಾಸಿಡರ್‌ಗೂ ಇಸುಜು 1.8 ಎಂಜಿನ್ ಹಾಕಿದರು. ಅದು ಬಂದ ಮೇಲೆ ಅಂಬಾಸಿಡರ್‌ಗೆ ಹೊಸ ಜೀವ ಬಂದಂತಾಯಿತು ಅಂತ ಚಿಕ್ಕಪ್ಪ ಈಗಲೂ ಹೇಳುತ್ತಾರೆ. ಮಾರುತಿ ಝೆನ್ ಡೀಸೆಲ್‌ನಲ್ಲಿ ಪ್ಯೂಜೊ ಎಂಜಿನ್. ಮಲೆನಾಡಿನ ತೋಟಗಳಲ್ಲಿ ದುಡಿದ ಎಷ್ಟೋ ಮಹೀಂದ್ರ ಜೀಪುಗಳಲ್ಲೂ ಪ್ಯೂಜೊ ಡೀಸೆಲ್. ರೆನೊದ 1461 ಸಿಸಿ ಡೀಸೆಲ್ ಅಂತೂ ಲೋಗನ್, ಡಸ್ಟರ್, ನಿಸ್ಸಾನ್ ಸನ್ನಿ, ಟೆರಾನೊ ಎಲ್ಲದರಲ್ಲಿ ಓಡಿತು. ಯೂರೋಪಿನಲ್ಲಿ ಅದೇ ಎಂಜಿನ್ ಮರ್ಸಿಡಿಸ್ ಎ ಕ್ಲಾಸ್ ಒಳಗೂ ಕೂತಿತು.

ಈಗ ಅದೇ ಆಟ ದೊಡ್ಡ ಕಾರುಗಳಲ್ಲಿ ನಡೆದಿದೆ. ಜೀಪ್ ಕಂಪಾಸ್‌ನ 1956 ಸಿಸಿ ಡೀಸೆಲ್ಲೇ ಟಾಟಾ ಹ್ಯಾರಿಯರ್‌ನಲ್ಲಿ ಕ್ರಯೊಟೆಕ್ ಅನ್ನುವ ಹೆಸರಿನಲ್ಲಿ ಇರುವುದು, ಎಂಜಿ ಹೆಕ್ಟರ್‌ನ ಡೀಸೆಲ್ಲೂ ಅದೇ. ಅದೂ ಮಲ್ಟಿಜೆಟ್, ಅದೂ ಫಿಯೆಟ್ ಮನೆತನದ್ದು. 2019ರಲ್ಲಿ ಹ್ಯಾರಿಯರ್ ಬಂದಾಗ ಟಾಟಾದವರು ಅದನ್ನು 140 ಪಿಎಸ್‌ಗೆ ಇಟ್ಟಿದ್ದರು, ಬಿಎಸ್6 ಬಂದಾಗ 170ಕ್ಕೆ ಏರಿಸಿದರು. ಹತ್ತು ವರ್ಷದ ನಂತರ ಹಳೇ ಹ್ಯಾರಿಯರ್ ತಗೊಳ್ಳುವವರು ಈ ಮಾತು ನೆನಪಿಟ್ಟುಕೊಳ್ಳಿ.

ಟೊಯೋಟ ಮತ್ತು ಮಾರುತಿಯದು ಇನ್ನೊಂದು ಬಗೆ, ಅಲ್ಲಿ ಇಡೀ ಕಾರೇ ಹಂಚಿಕೆ. 2019ರಲ್ಲಿ ಮಾರುತಿಯ ಬಲೆನೊ ಟೊಯೋಟದ ಗ್ಲಾಂಜಾ ಆಯಿತು. ಮಾರುತಿಯ ಗ್ರ್ಯಾಂಡ್ ವಿಟಾರಾ ಮತ್ತು ಟೊಯೋಟದ ಹೈರೈಡರ್ ಎರಡೂ ನಮ್ಮ ಬಿಡದಿಯ ಟೊಯೋಟ ಕಾರ್ಖಾನೆಯಿಂದ ಹೊರಗೆ ಬರುತ್ತವೆ. ಓಡಿಸಲು ವ್ಯತ್ಯಾಸ ಹುಡುಕಬೇಕು. ಆದರೆ ವಾರಂಟಿಯಲ್ಲಿ ಬಹಳ ಕಾಲ ವ್ಯತ್ಯಾಸ ಇತ್ತು. ಗ್ಲಾಂಜಾಗೆ 3 ವರ್ಷ ಅಥವಾ 1 ಲಕ್ಷ ಕಿಲೋಮೀಟರ್, ಅದೇ ಬಲೆನೊಗೆ 2 ವರ್ಷ ಅಥವಾ 40,000. 2024ರ ಜುಲೈನಲ್ಲಿ ಮಾರುತಿಯೂ 3 ವರ್ಷ, 1 ಲಕ್ಷಕ್ಕೆ ಬಂತು. ನನ್ನ ಅಕ್ಕನ ಮಗನಿಗೆ ನಾನು ಹೇಳಿದ್ದು ಇಷ್ಟೇ, ಎರಡು ಶೋರೂಮಿಗೂ ಹೋಗು, ಯಾರು ಬೇಗ ಡೆಲಿವರಿ ಕೊಡುತ್ತಾರೋ, ಮನೆಗೆ ಯಾರ ಸರ್ವಿಸ್ ಹತ್ತಿರವೋ ಅವರ ಹತ್ತಿರ ತಗೊ.

ನಮ್ಮ ದೇಶದಲ್ಲಿ 1.3ರ ಕತೆ 2020ರಲ್ಲಿ ಮುಗಿಯಿತು. ಏಪ್ರಿಲ್‌ನಿಂದ ಬಿಎಸ್6 ಬಂತು, ಇಷ್ಟು ಸಣ್ಣ ಡೀಸೆಲ್‌ಗೆ ಹೊಗೆ ಶುದ್ಧ ಮಾಡುವ ಸಲಕರಣೆ ಸೇರಿಸಿದರೆ ಬೆಲೆ ಕೈಗೆಟಕುವುದಿಲ್ಲ ಅಂತ ಮಾರುತಿ ಡೀಸೆಲ್ಲನ್ನೇ ಬಿಟ್ಟಿತು. ಅದಕ್ಕೂ ಮೊದಲು, 2014ರ ಅಕ್ಟೋಬರ್‌ನಲ್ಲಿ ಡೀಸೆಲ್ ದರದ ಮೇಲಿನ ಸರ್ಕಾರದ ಹಿಡಿತ ಹೋದಾಗಿನಿಂದಲೇ ಜನ ಪೆಟ್ರೋಲ್ ಕಡೆ ತಿರುಗಲು ಶುರು ಮಾಡಿದ್ದರು.

ನನ್ನ ಅಂಕ ಕೇಳಿದರೆ, ಎಂಜಿನ್‌ಗೆ 5ಕ್ಕೆ ನಾಲ್ಕೂವರೆ. ಆ ಅರ್ಧ ಕಳೆದಿದ್ದು 2000 ಆರ್‌ಪಿಎಂ ಕೆಳಗಿನ ನಿದ್ದೆಗೆ. ತಗೊಳ್ಳುವವರು ತಿಂಗಳಿಗೆ ಸಾವಿರ ಕಿಲೋಮೀಟರ್ ಆದರೂ ಓಡಿಸುವವರಾಗಿರಬೇಕು, ಬರೀ ತರಕಾರಿಗೆ, ಶಾಲೆಗೆ ಅಂದರೆ ಪೆಟ್ರೋಲ್ ತಗೊಳ್ಳಿ. ಹಳ್ಳಿಯಲ್ಲಿದ್ದು ಎಲ್ಲಿ ನಿಂತರೂ ರಿಪೇರಿ ಆಗಬೇಕು ಅಂದರೆ ಸ್ವಿಫ್ಟ್ ಅಥವಾ ಡಿಜೈರ್. ದೂರ ಓಡಿಸುವ ಖುಷಿ ಬೇಕು, ಹೆಡ್‌ಲೈಟ್‌ಗೆ ಐದು ವಾರ ಕಾಯುವ ತಾಳ್ಮೆಯೂ ಇದೆ ಅಂದರೆ ಲಿನಿಯಾ, ಪುಂಟೊ. ಕಡಿಮೆ ದುಡ್ಡಿಗೆ ಜಾಸ್ತಿ ಜಾಗ ಅಂದರೆ ಮ್ಯಾಂಜಾ. 15 ವರ್ಷಕ್ಕೆ ಆರ್‌ಸಿ ಮುಗಿಯುತ್ತದೆ, ಆಮೇಲೆ ಆರ್‌ಟಿಒಗೆ ತೋರಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. 2010, 2011ರ ಕಾರಾದರೆ ಆ ಖರ್ಚನ್ನೂ ಲೆಕ್ಕಕ್ಕೆ ಹಿಡಿದು ಬೆಲೆ ಮಾತಾಡಿ.

ನೋಡೋಕೆ ಹೋಗುವಾಗ ಬೆಳಿಗ್ಗೆ ಬೇಗ ಹೋಗಿ, ಬರುವ ಸಮಯ ಸರಿಯಾಗಿ ಹೇಳಬೇಡಿ. ಮೊದಲು ಬಾನೆಟ್ ಮೇಲೆ ಕೈ ಇಡಿ. ತಣ್ಣಗಿದ್ದರೆ ಸ್ಟಾರ್ಟ್ ಮಾಡಿಸಿ, ಬಲಗಡೆ ನಿಂತು ಆ ಚೈನ್ ಸದ್ದು ಬರುತ್ತದಾ ಅಂತ ಮೊದಲ ಐದು ಸೆಕೆಂಡ್ ಕಿವಿಗೊಟ್ಟು ಕೇಳಿ. ಬಾನೆಟ್ ಬೆಚ್ಚಗಿದ್ದರೆ, ಈಗಷ್ಟೇ ಪೆಟ್ರೋಲ್ ಬಂಕ್‌ಗೆ ಹೋಗಿ ಬಂದೆ ಅಂತ ಹೇಳಿದರೂ ಪರವಾಗಿಲ್ಲ, ನಾಳೆ ಬರ್ತೀನಿ ಅಂತ ಹೇಳಿ ಬನ್ನಿ.